ಪಿಳ್ಳಮ್ಮಜ್ಜಿಯ ಗಿಳಿ ಹರಕೆ

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 7.10

ಸಾರಿ. ಬರೆಯಲೇಬಾರದು ಅಂದ್ಕೊಂಡಿದ್ದೆ. ಹಾಸ್ಟೆಲ್‌ನಲ್ಲಿ ವಾರ್ಡನ್ ಎಲ್ಲರ ಡೈರಿ ಓದ್ತಿದ್ರು — ಆ ಭಯ ಇನ್ನೂ ಹೋಗಿಲ್ಲ. ಇಲ್ಲಿ ವರ್ತೂರಲ್ಲಿ ರೂಮಿಗೆ ನನ್ನದೇ ಬೀಗ. ಆದ್ರೂ ಸಾರಿ.

ಶುಕ್ರವಾರ ಜುವಾಲಜಿ ಸೆಮಿನಾರ್. ಫಸ್ಟ್ ಇಯರ್‌ನವರಿಗೆಲ್ಲ ಚೀಟಿ ಎತ್ತಿಸಿದ್ರು. ನನಗೆ ಬಂದದ್ದು ಪೋರ್ಟೊರಿಕೋ ಗಿಳಿ. ಕೆರಿಬಿಯನ್ ದ್ವೀಪದ ಮಳೆಕಾಡಿನದು. ಹಸಿರು ಮೈ, ಹಣೆ ಮೇಲೆ ಕೆಂಪು, ಕಣ್ಣಿನ ಸುತ್ತ ಬಿಳಿ ಬಳೆ.

ಟೆರೇಸ್ ಮೇಲೆ ಪ್ರಾಕ್ಟೀಸ್ ಮಾಡ್ತಿದ್ದೆ. ಓನರ್ ಪಿಳ್ಳಮ್ಮಜ್ಜಿ ತೊಳೆದ ರಾಗಿ ಒಣಗಿಸೋಕೆ ಬಂದ್ರು.

"ಯಾರ್ ಮೇಲೆ ಮಗ, ಇಂಗ್ಲೀಷಲ್ಲಿ ರೇಗ್ತಿದ್ದೀಯ?"

ಕನ್ನಡದಲ್ಲಿ ಹೇಳಿದೆ. ತಡವರಿಸಿಕೊಂಡೇ. ಒಂದು ಕಾಲಕ್ಕೆ ಕಾಡಲ್ಲಿ ಹದಿಮೂರೇ ಉಳಿದಿದ್ವು ಅಂದಾಗ ಅಜ್ಜಿ ಕೈ ನಿಂತಿತು.

"ಅದಿಮೂರಾ? ನಮ್ಮನೆ ಕೋಳಿನೇ ಅದ್ಕಿಂತ ಜಾಸ್ತಿ ಅವೆ!"

ಸೆಪ್ಟೆಂಬರ್ 10

ದಿನಾ ಕೇಳ್ತಾರೆ — "ನಿನ್ ಗಿಣಿಗಳು ಎಂಗವೆ?" ಇವತ್ತು ಹೇಳ್ತಾ ಚಂಡಮಾರುತದ ತನಕ ಬಂದೆ. ಪಂಜರದಲ್ಲಿ ಸಾಕಿದವನ್ನ ಜನ ಕಾಂಕ್ರೀಟ್ ರೂಮಿಗೆ ಹೊತ್ತು ಉಳಿಸಿಕೊಂಡ್ರು. ಕಾಡಲ್ಲಿದ್ದವು... ಅಷ್ಟರಲ್ಲಿ ಬಸ್ ಟೈಮ್. ಓಡಿದೆ.

ಸೆಪ್ಟೆಂಬರ್ 13. ಮಧ್ಯಾಹ್ನ

ಸೆಮಿನಾರ್ ನಿನ್ನೆ ಮುಗೀತು. ಮಾತು ಎಲ್ಲೂ ನಿಲ್ಲಲಿಲ್ಲ. ಖುಷಿಗೆ ಅಜ್ಜಿಗೆ ದೋಸೆ ತಂದೆ. ಮುಟ್ಟಲಿಲ್ಲ.

ಸೊಸೆ ಶ್ಯಾಮಲಕ್ಕ ಪಕ್ಕಕ್ಕೆ ಕರೆದ್ರು. "ಮೂರು ದಿನದಿಂದ ಒಂದೊತ್ತು ಕಣಮ್ಮ. ಬಿರುಗಾಳೀಲಿ ಗಿಣಿ ಉಳೀತು ಅನ್ನೋ ಸುದ್ದಿ ಬರೋಗಂಟ ದಿನಕ್ಕೆ ಒಂದೇ ಊಟವಂತೆ. ಬಂದ್ರೆ ಊರಮ್ಮಂಗೆ ತಂಬಿಟ್ಟಿನ ದೀಪ. ಶುಗರ್ ಮಾತ್ರೆ ನುಂಗೋ ಮುದುಕಿ! ನೀನಾದ್ರೂ ಹೇಳು."

ಗಾಳಿ ಈಗ ಎದ್ದಿದೆ ಅಂದ್ಕೊಂಡಿದ್ದಾರೆ. ಅದು 2017ರದ್ದು. ನಾನು ವರ್ಷವೇ ಹೇಳಿಲ್ಲ!

ಸೆಪ್ಟೆಂಬರ್ 14. ಬೆಳಿಗ್ಗೆ 6

ಹೇಳಬೇಕು. ಏನಂತ? ಆ ಕಾಡಿನವು ಹೆಚ್ಚುಕಮ್ಮಿ ಎಲ್ಲಾ ಹೋದ್ವು ಅಂತಾನಾ?

6.40

ಹೇಳಿದೆ. ಅಜ್ಜಿ —

"ಎಂಟು ವರ್ಸ ಇಂದ್ಲ ಗಾಳಿಗೆ ನನ್ ಬಾಯಿ ಕಟ್ಟಿಸಿದ್ಯಲ್ಲೇ ಮಗ!"

ನಕ್ಕರು. ನನಗೆ ಅಳು. ಸೆರಗಲ್ಲಿ ಮುಖ ಒರೆಸಿದ್ರು. ಸಾಕಿದವನ್ನ ಮತ್ತೆ ಅದೇ ಕಾಡಿಗೆ ಬಿಟ್ಟಿದ್ದಾರೆ ಅಂದೆ.

"ಈಗ ಎಷ್ಟವೆ?"

ಗೊತ್ತಿಲ್ಲ ಅಜ್ಜಿ. ನಾನು ಓದಿದ್ದೆಲ್ಲ ಹಳೇದು.

"ಅಂಗಾರೆ ಸಾಕೋರ್ನೇ ಕೇಳು. ಅಲ್ಲೀಗಂಟ ಒಂದೊತ್ತೇ."

11.15

ಗಿಳಿ ಸಾಕೋರಿಗೆ ಮೇಲ್, ಮೊದಲು ಕನ್ನಡದಲ್ಲಿ. ಅಜ್ಜಿಗೆ ಓದಿ ತೋರಿಸಬೇಕು, ಆಮೇಲೆ ಇಂಗ್ಲೀಷ್ —

ನಮಸ್ಕಾರ. ಬೆಂಗಳೂರಿನ ವರ್ತೂರಿಂದ ಬರೀತಿದ್ದೀನಿ. ನೀವು ಕಾಡಿಗೆ ಬಿಟ್ಟ ಗಿಳಿಗಳಲ್ಲಿ ಈಗ ಎಷ್ಟು ಇವೆ? ಒಂದಿದ್ರೂ ಸಾಕಂತೆ. ಇಲ್ಲಿ ಒಬ್ಬರು ಅಜ್ಜಿ ನಿಮ್ಮ ಗಿಳಿಗಾಗಿ ದಿನಕ್ಕೆ ಒಂದೇ ಊಟ ಮಾಡ್ತಿದ್ದಾರೆ. ಶುಗರ್ ಇದೆ. ತಂಬಿಟ್ಟಿಗೆ ಅಕ್ಕಿ ಆಗಲೇ ನೆನೆಹಾಕಿದ್ದಾರೆ. ದಯವಿಟ್ಟು ಬೇಗ ಉತ್ತರ ಬರೀರಿ.