ನುಮೈರ್ ಊಟಕ್ಕೆ ಬಂದಿದ್ದ

ಮುಹರ್ರಂ ೧೧, ಹಿಜರಿ ಮೂವತ್ತೇಳು. ಸಿಫ್ಫೀನ್

ಮತ್ತೆ ಬಾರ್ಲಿ ಬೀಸಿದ್ದಾಯಿತು. ಹಿಟ್ಟಿನಲ್ಲಿ ಅರ್ಧ ಮರಳು. ಇಯಾಸ್ ಅಗಿದ, ಉಗುಳಿದ, ಏನೂ ಅನ್ನಲಿಲ್ಲ. ಗಂಡಂದಿರಲ್ಲಿ ಅದೊಂದು ಒಳ್ಳೆಯ ಗುಣ, ಇವನಲ್ಲಿದೆ.

ಪವಿತ್ರ ತಿಂಗಳು, ಕಾದಾಟವಿಲ್ಲ. ಹೊಳೆಯ ಈ ಕಡೆ ಕೂಫಾದ ನಾವು, ಕೂಗಳತೆಯಲ್ಲಿ ಶಾಮ್ ನಾಡಿನವರು. ಕೊಲೆಯಾದ ಖಲೀಫರ ರಕ್ತಕ್ಕೆ ಮೊದಲು ನ್ಯಾಯವಾಗಲಿ ಎಂದು ಅವರು. ಮೊದಲು ಹೊಸ ಖಲೀಫರನ್ನು ಒಪ್ಪಿ, ನ್ಯಾಯ ಆಮೇಲೆ ಎಂದು ನಮ್ಮವರು. ಅವರ ಬಾಂಗು ನಮಗೆ ಕೇಳುತ್ತದೆ, ನಮ್ಮದು ಅವರಿಗೆ. ಬಾಗುವುದು ಒಂದೇ ದಿಕ್ಕಿಗೆ.

ನುಮೈರ್ ಆ ಕಡೆ ಇದ್ದಾನಂತೆ. ನನ್ನ ತಮ್ಮ. ಹಿಮ್ಸ್ ಪಟ್ಟಣ ಗೆದ್ದ ದಂಡಿನ ಜೊತೆ ಹೋದವನು ಅಲ್ಲೇ ನೆಲೆಯಾದ. ನಾನು ಇಯಾಸ್‌ನ ಹಿಂದೆ ಕೂಫಾಕ್ಕೆ ಬಂದೆ. ನೋಡಿ ಇಪ್ಪತ್ತು ವರ್ಷವಾಯಿತೇನೋ. ಗುರುತು ಸಿಗುತ್ತದೆಯೋ ಇಲ್ಲವೋ…

ಮುಹರ್ರಂ ೧೪

ಬಂದ. ಗಡ್ಡ ನರೆತಿದೆ. ನಡಿಗೆ ಮಾತ್ರ ಅದೇ, ಎಡಗಾಲು ಒಂದಿಷ್ಟು ಎಳೆಯುತ್ತದೆ. ದೂರದಿಂದಲೇ ಗೊತ್ತಾಯಿತು.

ಇಯಾಸ್‌ನ ಹೊಟ್ಟೆ ತಟ್ಟಿ, "ಭಾವ, ಕೂಫಾದಲ್ಲಿ ಸುಖವಾಗೇ ಇದೀರಿ ಅಂತ ಕಾಣ್ಸುತ್ತೆ" ಅಂದ.

"ನಿಂಗೇನು ಕಮ್ಮಿ? ಶಾಮ್‌ನ ಎಣ್ಣೆ ಮುಖದ ಮೇಲೇ ಹೊಳೀತಿದೆಯಲ್ಲ."

ಇಬ್ಬರೂ ನಕ್ಕರು. ಮೊದಲು ಒಂದೇ ತುಕಡಿಯಲ್ಲಿದ್ದವರು. ಇಯಾಸ್‌ನನ್ನು ನಮ್ಮ ಮನೆಗೆ ಕರೆತಂದು "ಅಕ್ಕ, ನಿನಗೆ ತಂದ ಗಂಡು ಇವನೇ, ನೋಡ್ಕೋ" ಅಂದವನೇ ನುಮೈರ್.

ರೊಟ್ಟಿ ಮುರಿದು ಬಾಯಿಗಿಟ್ಟು ನನ್ನ ಮುಖ ನೋಡಿದ. "ಇಷ್ಟು ವರ್ಷ ಆದ್ರೂ ನಿನ್ನ ರೊಟ್ಟಿ ಸುಧಾರಿಸ್ಲಿಲ್ಲವಲ್ಲ ಅಕ್ಕ."

"ಹಾಗಾದ್ರೆ ಬಿಡು."

"ಬಿಡೋಕೆ ಬಂದಿಲ್ಲ ನಾನು." ಮೂರು ತಿಂದ.

ಹೊರಡುವಾಗ ಇಯಾಸ್ ಅವನ ತೋಳು ಹಿಡಿದ. "ತಿಂಗಳು ಮುಗಿದ್ಮೇಲೆ ನನ್ನೆದುರಿಗೆ ಬರ್ಬೇಡ."

"ನೀವೂ ಬರ್ಬೇಡಿ ಭಾವ. ಬಯಲು ದೊಡ್ಡದಿದೆ."

ಸಫರ್ ೧

ಕದನ ಶುರು. ಬೆಳಿಗ್ಗೆ ಸಾರಿದರು — ಪ್ರತಿ ಕುಲವೂ ಎದುರು ಸೈನ್ಯದಲ್ಲಿರುವ ತನ್ನದೇ ಕುಲಕ್ಕೆ ಎದುರು ನಿಲ್ಲಬೇಕಂತೆ. ನಮ್ಮವರಿಗೆ ನಮ್ಮವರೇ.

ಗಾಯಾಳುಗಳ ಡೇರೆಯಲ್ಲಿ ನನ್ನ ಜೊತೆಗಿರುವ ಮುದುಕಿ ಲುಬಾನಾಳನ್ನು ಕೇಳಿದೆ, ಇದೆಂಥಾ ಏರ್ಪಾಡು ಅಂತ.

"ರಕ್ತಸಂಬಂಧ ಅಲ್ವಾ, ಕೈ ಹಿಂದೆ ಬರುತ್ತೆ ಅನ್ನೋದು ದೊಡ್ಡೋರ ಯೋಚ್ನೆ."

"ಬರುತ್ತಾ?"

"ಬಟ್ಟೆ ಹರಿಯಮ್ಮ. ಕಟ್ಟೋಕೆ ಸಾಲಲ್ಲ."

ಸಫರ್ ೮

ಬರೆಯಲು ಆಗುತ್ತಿಲ್ಲ. ಕೈ ತೊಳೆದರೂ ಅಂಟು.

ಸಫರ್ ೧೧

ನಿನ್ನೆ ಹಗಲು ಶುರುವಾದದ್ದು ರಾತ್ರಿಯೂ ನಿಲ್ಲಲಿಲ್ಲ. ಬೆಳಗಾದ ಮೇಲೆ ಶಾಮ್‌ನವರು ಈಟಿಗಳ ತುದಿಗೆ ಕುರಾನಿನ ಹಾಳೆಗಳನ್ನು ಕಟ್ಟಿ ಎತ್ತಿದರು. ದೇವರ ಮಾತೇ ತೀರ್ಪು ಹೇಳಲಿ ಎಂದರು. ಕದನ ನಿಂತಿತು. ಇಷ್ಟು ಜನ ಸತ್ತ ಮೇಲೆ.

ಇಯಾಸ್ ಬಂದ. ಮೊಣಕೈವರೆಗೆ ಮರಳಿನಲ್ಲಿ ಉಜ್ಜಿಕೊಂಡ. ಗಾಯವಿಲ್ಲ. ಊಟ ಬೇಡವೆಂದ.

ಹೆಂಗಸರೆಲ್ಲ ತಮ್ಮವರನ್ನು ಹುಡುಕಲು ಹೊರಟರು. ನಾನೂ.

ಸಫರ್ ೧೨

ಸಿಕ್ಕಿದ. ಬಿಸಿಲಿಗೆ ಮುಖ ಊದಿತ್ತು. ಎಡಗಾಲು ನೋಡಿ ಗುರುತು ಹಿಡಿದೆ.

ಇಯಾಸ್ ಹಿಂದೆಯೇ ಬಂದಿದ್ದನೆಂದು ತಿಳಿದಿರಲಿಲ್ಲ. ಗುಂಡಿ ತೋಡಿದ. ನಾನು ಮಣ್ಣು ಎಳೆಯುವಾಗ ಹೇಳಿದ.

"ಧೂಳಲ್ಲಿ ಮುಖ ಕಾಣ್ಲಿಲ್ಲ ಅನ್ಬಹುದು ನಾನು. ಕಾಣ್ತು."

ನಾನು ತಲೆ ಎತ್ತಲಿಲ್ಲ. "ಅವನಿಗೆ?"

"ಅವನಿಗೂ. ಕತ್ತಿ ಇಳಿಸ್ದ. ನನ್ನ ಕೈ ಆಗ್ಲೇ ಹೊರಟುಬಿಟ್ಟಿತ್ತು… ಇಲ್ಲ. ತಡೀಬಹುದಿತ್ತು."

ಮಣ್ಣು ಎಳೆದೆ. ಇನ್ನೇನು ಮಾಡಲಿ. ಕೂಫಾಕ್ಕೆ ಹೋಗಲು ಇರುವುದು ಒಂದೇ ಒಂಟೆ.

ಸಫರ್ ೧೮

ಒಪ್ಪಂದವಾಯಿತು. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥ ಕೂತು ತೀರ್ಮಾನಿಸುತ್ತಾರಂತೆ. ಪತ್ರವನ್ನು ನಮ್ಮ ಕುಲದ ಮುಂದೆ ಓದಿದರು. ಇಯಾಸ್ ಎದ್ದು ನಿಂತ. "ತೀರ್ಪು ದೇವರದ್ದು ಮಾತ್ರ" ಎಂದ. ಇನ್ನೂ ಕೆಲವರು ಹಾಗೇ ಅಂದರು.

ಡೇರೆಗೆ ಬಂದ ಮೇಲೆ ನನ್ನ ಕಡೆ ತಿರುಗಿದ. "ಇಬ್ಬರು ಮನುಷ್ಯರು ಕೂತು ಮಾತಾಡಿ ಬಗೆಹರಿಯೋ ವಿಷಯ ಆಗಿದ್ರೆ ನಾನು ನುಮೈರ್‌ನ ಕೊಂದಿದ್ದು ಯಾಕೆ?"

ಅದನ್ನು ನನ್ನನ್ನೇ ಕೇಳುತ್ತಾನೆ.

ರಬೀ ಉಲ್ ಅವ್ವಲ್ ೬. ಕೂಫಾ

ದಾರಿಯುದ್ದ ಆ ಒಪ್ಪಂದದ್ದೇ ಜಗಳ. ಒಂದೇ ಸೈನ್ಯದವರು ಚಾವಟಿಯಿಂದ ಹೊಡೆದುಕೊಳ್ಳುತ್ತ ಬಂದರು. ಊರ ಬಾಗಿಲಲ್ಲಿ, ಒಪ್ಪಂದ ಬೇಡವೆಂದ ಒಂದಷ್ಟು ಜನ ಬೇರೆಯಾಗಿ ಹರೂರಾ ಎಂಬ ಹಳ್ಳಿಗೆ ತಿರುಗಿದರು. ಇಯಾಸ್ ಒಂಟೆ ಇಳಿದ.

"ನಾನು ಪಾಪ ಮಾಡಿದೀನಿ. ಅವರು ಅದನ್ನ ಪಾಪ ಅಂತಾನೇ ಕರೀತಾರೆ. ಉಳಿದೋರು ಒಪ್ಪಂದ ಅಂತಾರೆ. ಬರ್ತೀಯಾ, ಉಮೈಮಾ?"

ಹಗ್ಗ ಕೈಗೆ ತೆಗೆದುಕೊಂಡು ಒಂಟೆಯನ್ನು ಮನೆ ಕಡೆ ತಿರುಗಿಸಿದೆ.

ರಜಬ್

ಹರೂರಾದಿಂದ ಹಲವರು ಮರಳಿದ್ದಾರೆ. ಇವನಿಲ್ಲ.

ಶವ್ವಾಲ್

ಹಬ್ಬ ಕಳೆಯಿತು. ನೆರೆಯವರು ತುಪ್ಪ ಕಳಿಸಿದರು. ಒಬ್ಬಳೇ ಏನು ತಿನ್ನಲಿ.

ಸಫರ್ ೧೫, ಹಿಜರಿ ಮೂವತ್ತೆಂಟು

ನಹ್ರವಾನ್ ಕಾಲುವೆಯ ಬಳಿ ಖಲೀಫರ ಸೈನ್ಯ ಬೇರೆ ಹೋದವರನ್ನು ಮುರಿಯಿತು. ಉಳಿದವರು ಬಹಳ ಕಡಿಮೆಯಂತೆ. ಗಾಯಗೊಂಡವರನ್ನು ಅವರವರ ಕುಲಕ್ಕೇ ಒಪ್ಪಿಸಿದ್ದಾರೆ, ಆರೈಕೆ ಮಾಡಿ ಎಂದು.

ಮಧ್ಯಾಹ್ನ ನನ್ನ ಬಾಗಿಲಿಗೆ ಹಲಗೆಯೊಂದನ್ನು ಇಳಿಸಿದರು. ಇಯಾಸ್. ಪಕ್ಕೆಗೆ ಈಟಿ ಹೊಕ್ಕಿದೆ. ಎಷ್ಟು ಸಣ್ಣಗಾಗಿದ್ದಾನೆ. ನೆಲಕ್ಕೆ ಹಣೆಯೂರಿ ಸಜ್ದಾ ಮಾಡಿ ಮಾಡಿ ಹಣೆಯಲ್ಲಿ ಕಪ್ಪು ಗಂಟು.

"ಯಾಕೆ ಒಳಗೆ ಬಿಟ್ಕೊಂಡೆ?"

"ಹೊರಗೆ ಬಿಸಿಲು."

ಲುಬಾನಾ ಬಂದು ಗಾಯ ಮೂಸಿದಳು. ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು.

ಸಫರ್ ೧೭, ಬೆಳಿಗ್ಗೆ

ಜ್ವರ ಇಳಿದಿದೆ. ಒಳ್ಳೆಯದಕ್ಕಲ್ಲ, ಲುಬಾನಾ ಹೇಳಿದ್ದಾಳೆ. ಮಾತು ಸ್ಪಷ್ಟವಾಗಿದೆ.

"ನುಮೈರ್ ಬಿದ್ದ ಮೇಲೆ ಮಾತಾಡಿದ್ದ."

ಅವನ ಬಾಯಿ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಕೂತೆ.

"ಅಕ್ಕನಿಗೆ ಹೇಳ್ಬೇಡಿ ಭಾವ ಅಂದ. ಯಾರದೋ ಬಾಣ ತಗುಲ್ತು ಅನ್ನಿ, ಅವಳು ನಿಮ್ಮ ಜೊತೆ ಬಾಳ್ಬೇಕಲ್ಲ ಅಂದ. ಮಾತು ಕೊಡಿ ಅಂತ ಕೈ ಚಾಚಿದ. ಕೊಟ್ಟೆ."

"ಮಾರನೇ ದಿನವೇ ಹೇಳ್ಬಿಟ್ಟೆ."

"ಒಬ್ಬನೇ ಹೊರೋಕಾಗ್ಲಿಲ್ಲ."

"ಅರ್ಧ ನನ್ನ ತಲೆ ಮೇಲಿಟ್ಟೆ."

"ಹೂಂ."

ಆಮೇಲೆ ಕಣ್ಣು ಮುಚ್ಚಿದ. ಇಡೀ ವರ್ಷ ನಾನು ಗಂಡನನ್ನು ದ್ವೇಷಿಸಿದೆ. ನನ್ನ ತಮ್ಮ ಸಾಯುತ್ತಾ ಅದನ್ನೇ ತಪ್ಪಿಸಲು ನೋಡಿದ್ದ. ನುಮೈರ್, ಎಂಥ ಮರುಳ ನೀನು. ಪ್ರಾಣ ಹೋಗುವ ಆ ಗಳಿಗೆಯಲ್ಲಿ ನನ್ನ ಸಂಸಾರದ ಚಿಂತೆ.

ಅದೇ ದಿನ, ಇಳಿಹೊತ್ತಿನ ಅಸರ್ ನಮಾಜಿನ ವೇಳೆ

ಕ್ಷಮೆ ಕೇಳುವುದಿಲ್ಲ ಅಂದುಕೊಂಡಿದ್ದೆ. ಸ್ವಾಭಿಮಾನಿ. ಈಗ ಕೇಳುತ್ತಿದ್ದಾನೆ. ನನ್ನ ಹೆಸರು ಕರೆದು, ಮತ್ತೆ ಮತ್ತೆ, ಗೋಡೆ ಕಡೆ ಮುಖ ಮಾಡಿ. ದನಿ ಬೆಳಿಗ್ಗೆಗಿಂತ ಸಣ್ಣದಾಗಿದೆ. ಕ್ಷಮಿಸಿದೆ ಅನ್ನಬೇಕೆಂದು ಗೊತ್ತಿದೆ. ನಾಲಿಗೆ ಏಳುತ್ತಿಲ್ಲ. ಮೊದಲು ಗಾಯದ ಬಟ್ಟೆ ಬದಲಿಸುತ್ತೇನೆ, ಆಮೇಲೆ ಅವನ ಮುಖ ಈ ಕಡೆ ತಿರುಗಿಸಿಕೊಂಡು… ದನಿ ನಿಂತಿತು.