ಮಹಡಿಯ ಒಲೆ

ನೀರು ಮತ್ತು ಒಳಚರಂಡಿ ವಿಭಾಗದ ಇಂಜಿನಿಯರ್ ಸಾಹೇಬರಿಗೆ, ಮೂಲೆಮನೆಯ ಟೈಲರ್ ಅಮ್ಮನ ನಮಸ್ಕಾರ.

ಮಗ, ಸೊಸೆ ನನ್ನ ಮೇಲೆ ಮುನಿಸಿಕೊಂಡು ಮಹಡಿಯಲ್ಲಿ ಬೇರೆ ಒಲೆ ಹೂಡಿದಾಗ, ಅಡುಗೆಮನೆ ಎರಡಾದರೆ ಮನೆಯೂ ಎರಡು ಎಂದು ನೀವು ಮೇಲಿನ ನಲ್ಲಿಗೂ ಚರಂಡಿಗೂ ಬೇರೆ ಶುಲ್ಕ ಹಾಕಿದಿರಿ. ಕಟ್ಟಿದೆವು. ಈ ಬೇಸಿಗೆಯಲ್ಲಿ ಮಗ ತೀರಿಕೊಂಡ. ಸೊಸೆ ಈಗ ಕೆಳಗೆ ನನ್ನ ಜೊತೆಯೇ ಉಣ್ಣುತ್ತಾಳೆ. ಅದಕ್ಕೇ ಎರಡನ್ನೂ ಸೇರಿಸಿ ಒಂದೇ ಮನೆ ಮಾಡಿಕೊಡಿ ಎಂದು ಅರ್ಜಿ ಕೊಟ್ಟಿದ್ದೆ.

ನಿನ್ನೆ ಸೊಸೆ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ನಿಮ್ಮ ಇನ್‌ಸ್ಪೆಕ್ಟರ್ ಬಂದರು. ಮಹಡಿ ಹತ್ತಿ ನೋಡಿ, "ಒಲೆ ಇನ್ನೂ ಬಿಸಿ ಇದೆಯಲ್ಲಮ್ಮಾ, ನಮ್ಮ ಕಿವಿಗೇ ಹೂ ಇಡ್ತೀರಾ?" ಎಂದರು. ನನಗೂ ಸಿಟ್ಟು ನೆತ್ತಿಗೇರಿತು; ಬಾಯಿಗೆ ಬಂದದ್ದು ಅಂದು ಕಳಿಸಿದೆ. ಆಮೇಲೆ ನಾನೇ ಹತ್ತಿ ಹೋಗಿ ನೋಡಿದೆ. ಒಲೆ ಬಿಸಿಯಿದ್ದದ್ದು ನಿಜ. ಪಕ್ಕದಲ್ಲಿ ಎರಡು ಚಹಾ ಲೋಟಗಳಿದ್ದವು. ಒಂದು ಖಾಲಿ. ಮಗನ ಲೋಟ ತುಂಬಿದ ಹಾಗೇ ಕೆನೆಗಟ್ಟಿತ್ತು.

ಲೋಟಗಳನ್ನು ಇದ್ದಲ್ಲೇ ಬಿಟ್ಟು ಕೆಳಗೆ ಇಳಿದು ಬಂದೆ.

ದಯವಿಟ್ಟು ನನ್ನ ಅರ್ಜಿಯನ್ನು ವಾಪಸ್ ಕೊಟ್ಟುಬಿಡಿ. ಎರಡೂ ಶುಲ್ಕ ನಾನು ಕಟ್ಟುತ್ತೇನೆ. ಮೇಲಿನ ಬಿಲ್ಲನ್ನೂ ಕೆಳಗೆ ನನ್ನ ಕೈಗೇ ಕೊಡಿಸಿ, ಯಾರನ್ನೂ ಮೇಲೆ ಹತ್ತಿಸಬೇಡಿ. ಇನ್‌ಸ್ಪೆಕ್ಟರ್ ಸರಿಯಾಗಿಯೇ ನೋಡಿದ್ದಾರೆ. ಮಹಡಿಯಲ್ಲಿ ಇನ್ನೂ ಸಂಸಾರ ನಡೆಯುತ್ತಿದೆ.

ಇಂತಿ,
ಕೆಳಗಿನ ಮನೆಯವಳು