ಹೊರಗಿನಿಂದ ಅಂಟಿಸಿದ ಫಂಕ್ಷನ್

ಬುಧವಾರ, ಹನ್ನೊಂದನೇ ತಾರೀಖು.

ಟೀಮ್ ಲೀಡ್ ಮಹಾಶಯನ ಮುಖ ಕಣ್ಣೆದುರಿನಿಂದ ಹೋಗುತ್ತಿಲ್ಲ. "ಬೇರೆಯವರ ಕ್ಲಾಸಿಗೆ ಕೈ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಎಲ್ಲರೆದುರು ಕೇಳಿದ. ಒಂದು ಸಲವೂ ಹೇಳಿಲ್ಲ, ಸುಳ್ಳ.

ನಮ್ಮ ಪ್ರೋಗ್ರಾಮಿಗೆ ಬಳಸುವ, ಬೇರೆಯವರು ಬರೆದ ಕೋಡ್ ಲೈಬ್ರರಿಯ ತಾರೀಖಿನ ಕ್ಲಾಸಿಗೆ ಮುಂದಿನ ಕೆಲಸದ ದಿನ ಯಾವುದೆಂದು ಹೇಳಲು ಬರುತ್ತಿರಲಿಲ್ಲ. ಆ ಲೆಕ್ಕ ಮಾಡುವ ಒಂದು ಫಂಕ್ಷನ್ ಬರೆದು ಕ್ಲಾಸಿಗೆ ಹೊರಗಿನಿಂದ ಅಂಟಿಸಿದವಳು ನಾನು. ಎರಡು ವರ್ಷ ಅದು ಬಾಯಿ ಮುಚ್ಚಿಕೊಂಡು ದುಡಿಯಿತು. ಹೋದ ವಾರ ಇವನು ಯಾರಿಗೂ ಹೇಳದೆ ಲೈಬ್ರರಿಯ ಹೊಸ ಆವೃತ್ತಿ ತಂದು ಹಾಕಿದ. ಅದರಲ್ಲಿ ಕ್ಲಾಸಿಗೇ ಅದೇ ಹೆಸರಿನ ಸ್ವಂತ ಫಂಕ್ಷನ್ ಬಂದಿತ್ತು. ಮನೆಮಗಳು ಬಂದಮೇಲೆ ಹೊರಗಿನವಳನ್ನು ಯಾರು ಕೇಳುತ್ತಾರೆ? ನನ್ನದು ಸದ್ದಿಲ್ಲದೆ ಮೂಲೆ ಸೇರಿತು. ಹೊಸದಕ್ಕೆ ಭಾನುವಾರ ಬಿಟ್ಟರೆ ಬೇರೆ ರಜೆ ಗೊತ್ತಿಲ್ಲ. ನಮ್ಮ ಪ್ರೋಗ್ರಾಮ್ ರೋಗಿಗಳಿಗೆ ದಿನ ಗೊತ್ತುಮಾಡಿ ಕೊಡುವ ಹಲ್ಲಿನ ಆಸ್ಪತ್ರೆಗೆ ಮಂಗಳವಾರ ರಜೆ. ನಿನ್ನೆ ಮೂವತ್ತು ಜನ ಕೆನ್ನೆ ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು.

ಕೋಡನ್ನು ಓದಿ ತಪ್ಪು ಹಿಡಿಯುವ ಕಂಪೈಲರ್, ಒಂದೇ ಹೆಸರಿನ ಎರಡಿವೆ ಎಂದು ಎಚ್ಚರಿಸಿರಬೇಕಲ್ಲ ಎಂದು ಈಗ ಕೂತು ಹುಡುಕಿದೆ. ಎಚ್ಚರಿಕೆಯ ಹಳದಿ ಸಾಲುಗಳು ಯಾರಿಗೂ ಕಾಣದಂತೆ ಯಾರೋ ಮಾಡಿಟ್ಟಿದ್ದರು. ಇದೂ ಅವನದೇ ಕೆಲಸ, ನಾಳೆ ಎಲ್ಲರೆದುರು ಮಾನ ತೆಗೆಯುತ್ತೇನೆ ಎಂದುಕೊಂಡು ಕೋಡನ್ನು ಯಾರು ಯಾವಾಗ ಬದಲಿಸಿದರೆಂಬ ಹಳೆಯ ದಾಖಲೆ ತೆರೆದೆ. ಮಾರ್ಚ್ ತಿಂಗಳು. ನನ್ನ ಹೆಸರು. ಪಕ್ಕದಲ್ಲಿ ನಾನೇ ಬರೆದ ಕಾರಣ: "ಕಣ್ಣಿಗೆ ಕಿರಿಕಿರಿ."

ಆದರೂ ಅವನು ಅಷ್ಟು ಜನರ ಮುಂದೆ ಹಾಗೆ ಕೇಳಬಾರದಿತ್ತು.